ಕಿಟಕಿ, ಫ್ಯಾನು, ಗೋಡೆ

ಹೋದ ವಾರ ಭಾಂಡುಪ್‌ನಿಂದ ಒಬ್ಬರು ಸಯನ್‌ನ ನಮ್ಮ ಮನೆಗೆ ಬಂದು ಒಂದು ರಟ್ಟಿನ ತುಂಡು ಕೊಟ್ಟುಹೋದರು. ಬಂದವರು, ಅಪ್ಪನ ವಾರ್ಡಿನಲ್ಲಿ ನರ್ಸ್ ಆಗಿದ್ದ ಸಿಸ್ಟರ್ ಅವರ ತಮ್ಮ. ತಲೆ ಬೋಳಿಸಿಕೊಂಡಿದ್ದರು. ಏನಾಯಿತು ಅಂತ ಕೇಳಬೇಕಾಗಲಿಲ್ಲ.

"ಅಕ್ಕ ಹೋಗಿ ಹದಿನೈದು ದಿನ ಆತ್ರಿ. ಹಾಸಿಗಿ ಸುತ್ತಿಡೂ ಮುಂದ ಇದು ಸಿಕ್ತು. ನಮ್ಮನ್ಯಾಗ ಇದು ಯಾರಿಗೆ ಬೇಕು? ನಿಮಗ ಕೊಡಬೇಕನಸ್ತು" ಅಂದರು. ಅಮ್ಮ ಕೊಟ್ಟ ಕಾಫಿಯನ್ನು ಅರ್ಧ ಕುಡಿದು ಎದ್ದರು. ಫ್ಯಾಕ್ಟರಿಯಲ್ಲಿ ಎರಡನೇ ಷಿಫ್ಟ್ ಇತ್ತಂತೆ.

ರಟ್ಟು ಅಂದರೆ ಸಲೈನ್ ಬಾಟಲಿಗಳ ಪೆಟ್ಟಿಗೆಯಿಂದ ಕತ್ತರಿಸಿದ ಒಂದು ಗೇಣಿನ ಚೂರು. ಅದರ ಮೇಲೆ ಕೆಂಪು ಪೆನ್ಸಿಲಿನಲ್ಲಿ ಮೂರು ಚಿತ್ರ. ನಾಲ್ಕು ಸರಳಿನ ಕಿಟಕಿ, ಮೂರು ರೆಕ್ಕೆಯ ಫ್ಯಾನು, ಇಟ್ಟಿಗೆಯ ಗೋಡೆ. ಅಂಚಿಗೆ ಬಟ್ಟೆ ಒಣಹಾಕುವ ಮರದ ಚಿಮಟ ಸಿಕ್ಕಿಸಿತ್ತು. ಚಿಮಟ ಕಿಟಕಿಯ ಪಕ್ಕದಲ್ಲೇ ಇತ್ತು. ಅದನ್ನು ಯಾರೂ ಸರಿಸಿರಲಿಲ್ಲ.

ಈ ರಟ್ಟಿನ ವಿಷಯ ಹೇಳಿದರೆ ಸಿಸ್ಟರ್ ಅವರ ಅರ್ಧ ಕಥೆ ಹೇಳಿದ ಹಾಗೆ.

ಅಪ್ಪ ಆಸ್ಪತ್ರೆ ಸೇರಿದಾಗ ನನಗೆ ಹತ್ತೊಂಬತ್ತು. ಫೋರ್ಟ್‌ನ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿ ಸೇರಿ ಮೂರೇ ತಿಂಗಳಾಗಿತ್ತು. ಒಂದು ಬೆಳಿಗ್ಗೆ ಅಪ್ಪ ಗಡ್ಡ ಹೆರೆಯುತ್ತಿದ್ದಾಗ ಬಲಗೈಯಿಂದ ರೇಜರ್ ಜಾರಿತು. ಅದನ್ನು ಎತ್ತಿಕೊಳ್ಳಲು ಬಗ್ಗಿದವರು ಹಾಗೇ ಒರಗಿಬಿಟ್ಟರು. ಬಲಭಾಗ ಪೂರ್ತಿ ಹೋಯಿತು, ಮಾತೂ ಹೋಯಿತು. ನರರೋಗದ ವಾರ್ಡಿನಲ್ಲಿ ಮೂವತ್ತು ಹಾಸಿಗೆಗಳಿದ್ದವು. ಒಂದು ಪಾಳಿಗೆ ಇಬ್ಬರು ನರ್ಸುಗಳು. ದೊಡ್ಡ ಡಾಕ್ಟರು ಪುಟ್ಟ ಸುತ್ತಿಗೆ ಹಿಡಿದು ಬಂದು, ಮಂಡಿಗೆ ಎರಡು ಸಲ ಬಡಿದು, ಇಂಗ್ಲಿಷಿನಲ್ಲಿ ಏನೋ ಹೇಳಿ ಮುಂದಿನ ಹಾಸಿಗೆಗೆ ಹೋಗುತ್ತಿದ್ದರು. ಉಳಿದ ಇಪ್ಪತ್ತಮೂರು ಮುಕ್ಕಾಲು ಗಂಟೆ ರೋಗಿಯನ್ನು ನೋಡಿಕೊಳ್ಳಬೇಕಾದವರು ನರ್ಸುಗಳು, ಅವರಲ್ಲೊಬ್ಬರು ಈ ಸಿಸ್ಟರ್.

ಎತ್ತರದ ಹೆಂಗಸು. ಗದಗಿನ ಕಡೆಯವರು. ಮದುವೆ ಆಗಿರಲಿಲ್ಲ. ಬಿಳಿ ಸೀರೆಯ ಮೇಲೆ, ಎದೆಗೆ ತಲೆಕೆಳಗಾಗಿ ಪಿನ್ ಮಾಡಿದ ಗಡಿಯಾರ. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ವಾರ್ಡಿನಲ್ಲಿ ಯಾರೂ ಅವರನ್ನು ಹೆಸರಿನಿಂದ ಕರೆಯುತ್ತಲೂ ಇರಲಿಲ್ಲ. ಎದುರಿಗೆ ಸಿಸ್ಟರ್, ಹಿಂದಿನಿಂದ 'ದೋನ್ ತಾಸ್ ಬಾಯಿ', ಅಂದರೆ ಎರಡು ಗಂಟೆಯ ಹೆಂಗಸು. ಅಲುಗಾಡಲಾಗದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲೇಬೇಕು. ಇಲ್ಲವಾದರೆ ಸೊಂಟದ ಮೂಳೆಯ ಹತ್ತಿರ ಚರ್ಮ ಕೊಳೆಯುತ್ತದೆ. ಇಬ್ಬರು ನರ್ಸುಗಳು ಮೂವತ್ತು ಜನರನ್ನು ಹೊರಳಿಸುವುದು ಸಾಧ್ಯವೇ? ಅದಕ್ಕೇ ಇವರು ರೋಗಿಗಳ ಮನೆಯವರನ್ನೇ ಪಳಗಿಸಿದ್ದರು. ಬರುವವರಲ್ಲಿ ಅರ್ಧಕ್ಕರ್ಧ ಓದುಬರಹ ಇಲ್ಲದವರು, ಐದಾರು ಭಾಷೆಯವರು. ಎಡ, ಬಲ ಅಂದರೆ ರೋಗಿಯ ಎಡವೋ ನಿಂತವರ ಎಡವೋ ಅಂತ ಜಗಳ. ಅದಕ್ಕಾಗಿ ರಟ್ಟಿನ ಮೇಲೆ ಚಿತ್ರ. ಒಂದು ಸಲ ಕಿಟಕಿಯ ಕಡೆ ಮುಖ, ಆಮೇಲೆ ಫ್ಯಾನು ಕಾಣುವ ಹಾಗೆ ಅಂಗಾತ, ಆಮೇಲೆ ಗೋಡೆಯ ಕಡೆ. ಹೊರಳಿಸಿದ ಮೇಲೆ ಚಿಮಟ ಸರಿಸಬೇಕು.

ಗಡಿಯಾರ ನೋಡಿಕೊಂಡು ವಾರ್ಡಿನ ನಡುವೆ ನಿಂತು ಕೂಗುತ್ತಿದ್ದರು. "ಖಿಡ್ಕೀ! ಚಲೋ, ಸಬ್ ಲೋಗ್ ಖಿಡ್ಕೀ!" ಪಕ್ಕದ ಹಾಸಿಗೆಯ ರೋಗಿಯ ಜೊತೆಗಿದ್ದ ಮರಾಠಿ ಅಜ್ಜಿ ತೂಕಡಿಸುತ್ತಿದ್ದವರು "ಬಾಯಿ ಆಲೀ, ಉಠಾ ಉಠಾ!" ಅಂತ ಎಲ್ಲರನ್ನೂ ಎಬ್ಬಿಸುತ್ತಿದ್ದರು. ಮೂವತ್ತು ಹಾಸಿಗೆಗಳು ಒಟ್ಟಿಗೆ ಕಿರುಗುಟ್ಟುತ್ತಿದ್ದವು. ಆ ಸದ್ದು ಇವತ್ತೂ ನನ್ನ ಕಿವಿಯಲ್ಲಿದೆ.

ಮೊದಲ ದಿನ ನಾನು ಅಪ್ಪನ ಲಕ್ವ ಹೊಡೆದ ಕೈಯನ್ನು ಹಿಡಿದು ಎಳೆದೆ. ಹಿಂದಿನಿಂದ ಬಂದ ಸಿಸ್ಟರ್ ನನ್ನ ಕೈಮೇಲೆ ಪಟ್ಟನೆ ಹೊಡೆದರು.

"ಏ ಹುಡುಗಿ, ಅದೇನು ಲೋಕಲ್ ಗಾಡಿ ಹ್ಯಾಂಡಲ್ಲೇನ? ಭುಜದ ಗಂಟು ಕಳಚಿ ಬರ್ತತಿ. ಹೆಗಲಿಗೊಂದು ಕೈ, ಸೊಂಟಕ್ಕೊಂದು ಕೈ. ಹಾಂ. ಮೊದಲ ಅವರಿಗೆ ಹೇಳು."

"ಏನಂತ?"

"ಅಪ್ಪಾರ, ಈಗ ಹೊರಳಸ್ತೇನಿ ಅಂತ. ಹೇಳದ ಕೇಳದ ಯಾರರ ನಿನ್ನ ಉರುಳಿಸಿದ್ರ ನಿಂಗ ಹೆಂಗಾಗ್ತದ?"

ಅವರು ಎಲ್ಲ ರೋಗಿಗಳ ಹತ್ತಿರವೂ ಮಾತಾಡುತ್ತಿದ್ದರು. ವಾರಗಟ್ಟಲೆ ಕಣ್ಣು ತೆರೆಯದವರ ಹತ್ತಿರವೂ. "ಇವತ್ತ ಗಾಡಿ ಕುರ್ಲಾದಾಗ ಅರ್ಧ ತಾಸು ನಿಂತತ್ರಿ, ಅದಕ ತಡಾ ಆತು" ಅಂತ ಪ್ರಜ್ಞೆಯಿಲ್ಲದ ಮುದುಕರೊಬ್ಬರ ಕ್ಷಮೆ ಕೇಳಿದ್ದನ್ನು ನಾನೇ ನೋಡಿದ್ದೇನೆ. ಅವರಿಗೆ ಕೇಳಿಸುತ್ತದಾ ಸಿಸ್ಟರ್ ಅಂದೆ. "ಕೇಳಸ್ತತೋ ಇಲ್ಲೋ ನಂಗೊತ್ತಿಲ್ಲ. ಕೇಳ್ಸೂದಿಲ್ಲ ಅಂತ ನಿಂಗ ಗೊತ್ತೈತೇನು?" ಅಂದರು.

ಇದಕ್ಕೊಂದು ಸಾಕ್ಷಿಯೂ ಸಿಕ್ಕಿತು. ಸಾಂತಾಕ್ರೂಜ್‌ನ ಒಂದು ಹೋಟೆಲಿನ ಅಡಿಗೆ ಭಟ್ಟರು ಆ ವಾರ್ಡಿನಲ್ಲಿದ್ದರು. ಕಾಲಿನಿಂದ ಶುರುವಾಗಿ ಕತ್ತಿನ ತನಕ ಏರುವ ಒಂದು ನರದ ಕಾಯಿಲೆ. ತಿಂಗಳುಗಟ್ಟಲೆ ಕಣ್ಣೆವೆ ಬಿಟ್ಟು ಏನೂ ಆಡುತ್ತಿರಲಿಲ್ಲ. ಆದರೆ ಏರಿದ ಹಾಗೇ ಇಳಿಯುವ ಕಾಯಿಲೆಯೂ ಹೌದು ಅದು. ಒಂದು ದಿನ ಕೋಲೂರಿಕೊಂಡು ಒಬ್ಬರು ಇಡ್ಲಿಯ ಪೊಟ್ಟಣ, ಸಾಂಬಾರಿನ ಕ್ಯಾರಿಯರ್ ಹಿಡಿದು ವಾರ್ಡಿಗೆ ಬಂದರು.

"ಸಿಸ್ಟರೇ, ನಮ್ಮ ಹೋಟ್ಲಿನ ಸಾಂಬಾರು ಬೆಲ್ಲದ ನೀರು ಅಂತ ನೀವು ಆಯಾನ ಹತ್ರ ಹೇಳಿದ್ರಲ್ಲಾ? ನಂಗೆ ಎಲ್ಲ ಕೇಳ್ತಿತ್ತು ಮಾರಾಯ್ರೆ. ಉತ್ತರ ಕೊಡ್ಲಿಕ್ಕೆ ನಾಲಗೆ ಇರ್ಲಿಲ್ಲ, ಅಷ್ಟೆ."

ಸಿಸ್ಟರ್ ಕ್ಯಾರಿಯರ್ ಬಿಚ್ಚಿ, ಬೆರಳದ್ದಿ ನೆಕ್ಕಿ, "ಸುಳ್ಳೇನ ಹೇಳಿದ್ನೇನ? ಈಗೂ ಬೆಲ್ಲದ ನೀರ ಐತಿ" ಅಂದರು. ಆಮೇಲೆ ಸ್ಟೋರ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಐದು ನಿಮಿಷ ಹೊರಗೆ ಬರಲಿಲ್ಲ. ವಾರ್ಡಿನಿಂದ ನಡೆದುಕೊಂಡು ಹೋದವರು ಅಷ್ಟು ಕಡಿಮೆ.

ನಮ್ಮಪ್ಪ ನಡೆದುಕೊಂಡು ಹೋಗಲಿಲ್ಲ. ಅದನ್ನು ಹೇಳಬೇಕಾದರೆ ನುಂಗುವುದರ ವಿಷಯ ಹೇಳಬೇಕು. ಆ ದಿನಗಳಲ್ಲಿ ನಾನು ಮಾಟುಂಗಾದ ಫುಟ್‌ಪಾತಿನಿಂದ ಒಂದು ಹಳೆಯ ವೈದ್ಯಕೀಯ ಪುಸ್ತಕ ತಂದು ಓದುತ್ತಿದ್ದೆ. ಮೆದುಳಿನ ಅಧ್ಯಾಯದ ಆರು ಹಾಳೆ ಹರಿದುಹೋಗಿದ್ದವು, ಗಂಟಲು ಉಳಿದಿತ್ತು. ಎಂಥ ಸೋಜಿಗ ನೋಡಿ. ಗಂಟಲಿನಲ್ಲಿ ಎರಡು ದಾರಿ, ಒಂದು ಅನ್ನಕ್ಕೆ, ಒಂದು ಉಸಿರಿಗೆ. ನಾವು ನುಂಗುವಾಗಲೆಲ್ಲ ಗಂಟಲ ಗಂಟು ಮೇಲೇರಿ ಉಸಿರಿನ ದಾರಿಗೆ ಮುಚ್ಚಳ ಬೀಳುತ್ತದೆ. ದಿನಕ್ಕೆ ಎಷ್ಟು ಸಲವೋ, ನಮಗೆ ಗೊತ್ತೇ ಆಗುವುದಿಲ್ಲ. ಮೆದುಳಿಗೆ ಏಟು ಬಿದ್ದವರಲ್ಲಿ ಎಷ್ಟೋ ಜನರಿಗೆ ಆ ಗಂಟು ಏರುವುದಿಲ್ಲ. ಆಗ ಕುಡಿದ ನೀರು ನೇರವಾಗಿ ಪುಪ್ಪುಸಕ್ಕೆ ಹೋಗುತ್ತದೆ. ಕೆಲವರಿಗೆ ಕೆಮ್ಮು ಕೂಡ ಬರುವುದಿಲ್ಲ. ಎಲ್ಲ ಸರಿಯಾಗಿದೆ ಅಂತ ಕೊಟ್ಟವರು ಅಂದುಕೊಳ್ಳುತ್ತಾರೆ. ಮರುದಿನ ಜ್ವರ.

ಸಿಸ್ಟರ್ ಪ್ರತಿ ರೋಗಿಯ ಗಂಟಲ ಮೇಲೆ ಎರಡು ಬೆರಳಿಟ್ಟು, ಕಣ್ಣುಮುಚ್ಚಿ ಕಾಯುತ್ತಿದ್ದರು. ಗಂಟು ಏರಿ ಇಳಿದರೆ ಒಂದು ಚಮಚ ನೀರು. ಇಲ್ಲದಿದ್ದರೆ ಮೂಗಿನ ನಳಿಗೆಯಲ್ಲೇ ಗಂಜಿ. ಮನೆಯವರು ಎಷ್ಟು ಗೋಗರೆದರೂ ಅಷ್ಟೇ. "ಬಾಯಿ ಬೇಡ್ತತಿ. ಗಂಟಲ ಒಪ್ಪಬೇಕಲ್ಲ?" ಅಪ್ಪನ ಗಂಟಲು ಎಂಟು ವಾರವಾದರೂ ಒಪ್ಪಲಿಲ್ಲ.

ಯುಗಾದಿಯ ದಿನ ಅಮ್ಮ ತನಗೆಂದು ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದರು. ಲೋಟಕ್ಕೆ ಬಗ್ಗಿಸಿದಾಗ ಅಪ್ಪನ ಕಣ್ಣು ಆ ಲೋಟದ ಹಿಂದೆಯೇ ಹೋಯಿತು. ಅಮ್ಮನ ತುಟಿಯ ತನಕ ಹೋಗಿ ಅಲ್ಲೇ ನಿಂತಿತು. ಅಮ್ಮ ಲೋಟ ಕೆಳಗಿಟ್ಟು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಸಿಸ್ಟರ್ ಇದನ್ನು ನೋಡಿದರು. ಏನೂ ಮಾತಾಡದೆ ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯ ಒಂದು ಚೂರನ್ನು ಇಕ್ಕಳದಲ್ಲಿ ಹಿಡಿದು ಕಾಫಿಯಲ್ಲಿ ಅದ್ದಿದರು. ಹಿಂಡಿದರು. ಮತ್ತೆ ಹಿಂಡಿದರು. ಮೂರನೇ ಸಲ ಹಿಂಡಿದಾಗ ಒಂದು ಹನಿಯೂ ಬೀಳಲಿಲ್ಲ. ಆ ಬಟ್ಟೆಯನ್ನು ಅಪ್ಪನ ಕೆನ್ನೆಯ ಒಳಗೆ, ನಾಲಗೆಯ ತುದಿಗೆ ಮೆಲ್ಲಗೆ ಸವರಿದರು.

"ಹಬ್ಬದ ಕಾಫಿರೀ ಅಪ್ಪಾರ. ಬರೇ ರುಚಿ."

ಅಪ್ಪ ಎರಡು ತಿಂಗಳಲ್ಲಿ ಮೊದಲ ಸಲ ಒಂದು ಸದ್ದು ಮಾಡಿದರು. ಮಾತಲ್ಲ, ನಾವು ಕಾಫಿಯ ಮೊದಲ ಗುಟುಕಿಗೆ ಮಾಡುತ್ತೇವಲ್ಲ, ಅಂಥ ಸದ್ದು. ಆ ಹಬ್ಬದ ದಿನ ಅಮ್ಮನ ಮುಖ ಇದ್ದ ಹಾಗೆ ಮತ್ತೆ ಯಾವತ್ತೂ ಇರಲಿಲ್ಲ.

ಅದಾಗಿ ಮೂರನೇ ದಿನ ಸಿಸ್ಟರ್‌ಗೆ ವಾರದ ರಜೆ. ನಾನು ಆಫೀಸಿನಲ್ಲಿದ್ದೆ. ಮಧ್ಯಾಹ್ನ ಅಪ್ಪನ ಕಣ್ಣು ಮತ್ತೆ ಫ್ಲಾಸ್ಕಿನ ಕಡೆ ಹೋಯಿತಂತೆ. ಸಿಸ್ಟರೇ ಕೊಟ್ಟಿದ್ದಾರಲ್ಲ ಅಂತ ಅಮ್ಮ ಎರಡು ಚಮಚ ಕಾಫಿ ಕುಡಿಸಿದರು. ಅಪ್ಪ ಕೆಮ್ಮಲಿಲ್ಲ. ಮಾರನೆಯ ದಿನ ನೂರಾ ಮೂರು ಜ್ವರ. ಪೆನಿಸಿಲಿನ್ ಚುಚ್ಚಿದರು, ಆಕ್ಸಿಜನ್ ಇಟ್ಟರು. ಆರನೇ ದಿನ ಬೆಳಿಗ್ಗೆ, ಅಪ್ಪನನ್ನು ಗೋಡೆಯ ಕಡೆ ಹೊರಳಿಸಿ ಚಿಮಟ ಸರಿಸುವಷ್ಟರಲ್ಲಿ ಮುಗಿದಿತ್ತು.

ಅಮ್ಮ ವರಾಂಡದಲ್ಲಿ ಕುಸಿದು ಕೂತು ಸಿಸ್ಟರ್ ಅವರ ಸೀರೆಯ ನೆರಿಗೆ ಹಿಡಿದುಕೊಂಡರು. "ಸಿಸ್ಟರಮ್ಮಾ, ನಾನೇ ಎರಡು ಚಮಚ ಕೊಟ್ಟೆ. ನಾನೇ ಕೊಂದೆ, ಅಲ್ವಾ? ನಿಜ ಹೇಳಿ."

ಸಿಸ್ಟರ್ ಒಳಗೆ ಹೋಗಿ ಅಪ್ಪನ ಟೆಂಪರೇಚರ್ ಚಾರ್ಟು ತಂದರು. ಅಮ್ಮನ ಪಕ್ಕ ನೆಲದ ಮೇಲೆಯೇ ಕೂತರು. "ಇಲ್ಲಿ ನೋಡ್ರಿ ಅಮ್ಮಾರ. ನೀವು ಕಾಫಿ ಕೊಟ್ಟಿದ್ದು ಮಧ್ಯಾಹ್ನ, ಹೌದಿಲ್ಲೋ? ಆವತ್ತ ಬೆಳಿಗ್ಗೆ ಆರಕ್ಕನ ನೂರಾ ಒಂದು ಐತಿ. ಜ್ವರ ಮೊದಲ ಸುರುವಾಗಿತ್ತು. ನಿಮ್ಮ ಕಾಫಿಯಿಂದ ಏನೂ ಆಗಿಲ್ಲ."

ಅಮ್ಮನಿಗೆ ಇಂಗ್ಲಿಷ್ ಅಕ್ಷರವಾಗಲಿ ಅಂಕಿಯಾಗಲಿ ಬರುವುದಿಲ್ಲ. ನನಗೆ ಬರುತ್ತದೆ. ಅವರ ಬೆರಳಿನ ಕೆಳಗೆ ಬರೆದಿದ್ದದ್ದು ತೊಂಬತ್ತೆಂಟು ಪಾಯಿಂಟ್ ನಾಲ್ಕು.

ಅಮ್ಮ ಆ ಚಾರ್ಟನ್ನು ಬಹಳ ಹೊತ್ತು ನೋಡಿದರು. ಆಮೇಲೆ ನೆರಿಗೆ ಬಿಟ್ಟು ಅತ್ತರು.

ಕಾಗದಗಳಿಗೆ ಸಹಿ ಹಾಕಿಸಲು ನನ್ನನ್ನು ಕರೆದುಕೊಂಡು ಹೋಗುವಾಗ ಸಿಸ್ಟರ್ ಮೆಟ್ಟಿಲ ಹತ್ತಿರ ನಿಂತರು.

"ನೀ ಓದಿದಿ."

"ಹೂಂ."

"ಚಾರ್ಟಿನ್ಯಾಗ ನಾ ಯಾವತ್ತೂ ಸುಳ್ಳ ಬರೆದಾಕಿ ಅಲ್ಲ. ಅದಕ್ಕ ಬಾಯಿಲೆ ಹೇಳೀನಿ. ತಪ್ಪು ನಂದವಾ. ರುಚಿ ತೋರಿಸಿದಾಕಿ ನಾನು. ಮೂರು ಸಲ ಯಾಕ ಹಿಂಡ್ತೇನಿ ಅಂತ ಬಾಯಿಬಿಟ್ಟು ಹೇಳಲಿಲ್ಲ. ನಿಮ್ಮವ್ವ ಇನ್ನೂ ಬದುಕಬೇಕು. ಆಕಿಗೆ ಇದು ಎಂದೂ ಗೊತ್ತಾಗಬಾರದು. ತಿಳೀತಿಲ್ಲೋ?"

ನಾನು ತಲೆಯಾಡಿಸಿದೆ. ಆವತ್ತಿನಿಂದ ಅದು ನಮ್ಮಿಬ್ಬರ ಕೆಲಸವಾಯಿತು.

ಅಪ್ಪ ಹೋದ ಮೇಲೂ ನಾನು ಭಾನುವಾರಗಳಂದು ವಾರ್ಡಿಗೆ ಹೋಗುತ್ತಿದ್ದೆ. ಯಾರೂ ಇಲ್ಲದ ರೋಗಿಗಳನ್ನು ಹೊರಳಿಸುವುದು, ಬೆನ್ನಿಗೆ ಸ್ಪಿರಿಟ್ ತಿಕ್ಕಿ ಪೌಡರ್ ಹಾಕುವುದು. ಬರಬೇಡ ಅಂತ ಅವರು ಹೇಳಲಿಲ್ಲ, ಬಾ ಅಂತಲೂ ಹೇಳಲಿಲ್ಲ. ಒಂದು ಮಾತ್ರ ಗಮನಿಸಿದೆ. ಆಮೇಲೆ ಅವರು ಯಾವ ರೋಗಿಯ ಬಾಯಿಗೂ ಕಾಫಿ, ಚಹಾ, ಸಕ್ಕರೆ ನೀರು ಯಾವುದನ್ನೂ ಸವರಲಿಲ್ಲ. ಬಾಯಿ ಒರೆಸಲು ಬರೀ ನೀರು. ಒಂದು ದೀಪಾವಳಿಗೆ ಒಬ್ಬ ಗುಜರಾತಿ ಮುದುಕಿ ತನ್ನ ಮಗನ ತುಟಿಗೆ ಒಂದಿಷ್ಟು ಶ್ರೀಖಂಡ ಹಚ್ಚಿ ಅಂತ ಕಾಲು ಹಿಡಿದಳು. ಸಿಸ್ಟರ್ ಮುಖ ತಿರುಗಿಸಿ ಹೋದರು. ಎಂಥ ಕಲ್ಲು ಹೆಂಗಸು ಅಂತ ವಾರ್ಡೆಲ್ಲ ಆಡಿಕೊಂಡಿತು. ನನಗೆ ಗೊತ್ತಿತ್ತು, ಹೇಳುವ ಹಾಗಿರಲಿಲ್ಲ.

ಅಮ್ಮ ಅವರನ್ನು ಬಿಡಲಿಲ್ಲ. ಹಬ್ಬಕ್ಕೆ ಕರೆದು ಎಲೆ ಹಾಕುತ್ತಿದ್ದರು. ನಮ್ಮ ಮನೆಯಲ್ಲಿ ಸಿಸ್ಟರ್ ಕಾಫಿ ಕುಡಿಯುತ್ತಿರಲಿಲ್ಲ, ಚಹಾ ಕೇಳುತ್ತಿದ್ದರು. "ಮೈಸೂರಿನವರ ಮನೇಲಿ ಚಹಾ ಕೇಳ್ತೀರಲ್ಲ, ನಿಮಗೆ ನಾಚಿಕೆ ಇಲ್ವೇ?" ಅಂತ ಅಮ್ಮ ರೇಗಿಸುತ್ತಿದ್ದರು. "ಗದಗಿನ ನಾಲಿಗಿರೀ, ಬದಲಾಗೂದಿಲ್ಲ" ಅಂತ ಇವರು. ನಾನು ಇಬ್ಬರ ಮುಖವನ್ನೂ ನೋಡದೆ ಎಲೆ ಎತ್ತುತ್ತಿದ್ದೆ.

ನಾಲ್ಕು ವರ್ಷ ಹೀಗೆ ಹೋಯಿತು. ಒಂದು ಭಾನುವಾರ ಇಂಜೆಕ್ಷನ್ನಿನ ಗಾಜಿನ ಸೀಸೆಯ ಕತ್ತು ಮುರಿಯಲು ಅವರಿಗಾಗಲಿಲ್ಲ. ನನ್ನ ಕೈಗೆ ಕೊಟ್ಟರು. ಮುಂದಿನ ವಾರ ಗಡಿಯಾರದ ಪಿನ್ ಹಾಕಲು ಆಯಾನನ್ನು ಕರೆದರು. ಹೆಬ್ಬೆರಳು ತೋರುಬೆರಳಿನ ನಡುವಿನ ಮಾಂಸ ಇಳಿದು ಹಳ್ಳ ಬಿದ್ದಿತ್ತು. ತೋಳಿನ ಚರ್ಮದ ಕೆಳಗೆ ಹುಳು ಹರಿದ ಹಾಗೆ ಸಣ್ಣಗೆ ಅದಿರುತ್ತಿತ್ತು. ಪುಸ್ತಕದಲ್ಲಿ ಓದಿದ್ದ ನಾನು ಜಾಣತನ ತೋರಿಸಲು ಬಾಯಿ ತೆರೆದೆ. "ಸಿಸ್ಟರ್, ಇದು ಆ..."

"ಗೊತ್ತೈತಿ" ಅಂದರು. "ಇಪ್ಪತ್ತು ವರ್ಷದಾಗ ಹನ್ನೊಂದು ಮಂದೀನ ನೋಡೀನಿ. ಮೊದಲ ಕೈ, ಆಮ್ಯಾಲೆ ಕಾಲು, ಆಮ್ಯಾಲೆ ನಾಲಿಗಿ, ಗಂಟಲ. ಕಡೀಕ ಉಸಿರು. ಬುದ್ಧಿ ಮಾತ್ರ ಕಡೀತನಕ ಹಂಗ ಇರ್ತತಿ. ಅದರ ಒಂದಿಷ್ಟು ಮೊದಲ ಹೋಗಿದ್ರ ಚಲೋ ಇತ್ತು." ಆಮೇಲೆ ಗಡಿಯಾರ ನೋಡಿಕೊಂಡರು. "ನಡಿ, ಗೋಡೆ ಪಾಳಿ."

ಕೈಯಿಂದ ಆಗುವಷ್ಟು ದಿನ ಕೆಲಸ ಮಾಡಿ ಬಿಟ್ಟರು. ಭಾಂಡುಪ್‌ನ ಚಾಳಿನಲ್ಲಿ ತಮ್ಮನ ಖೋಲಿ. ಬೀಳ್ಕೊಡುವ ಸಮಾರಂಭ ಬೇಡ ಅಂದರು. ವಾರ್ಡಿನಿಂದ ಒಂದು ರಟ್ಟು ಮಾತ್ರ ತಂದುಕೊಂಡರು. ಮಾತು ತೊದಲಲು ಶುರುವಾದ ದಿನಗಳಲ್ಲಿ ನನ್ನಿಂದ ಒಂದು ಮಾತು ತೆಗೆದುಕೊಂಡರು. "ನಂಗ ನುಂಗಾಕ ಆಗದಾಗ ಯಾರರ ಕನಿಕರಪಟ್ಟು ಚಮಚ ತಂದ್ರ, ನೀ ಅವರ ಕೈ ಹಿಡೀಬೇಕು. ಯಾರ ಇರಲಿ. ನನ್ನ ಸಲುವಾಗಿ ಅಲ್ಲ. ಆಮ್ಯಾಲೆ ಅವರು ಬದುಕಬೇಕಲ್ಲ?"

ತಿಂಗಳಿಗೆ ಎರಡು ಭಾನುವಾರ ನಾನೂ ಅಮ್ಮನೂ ಸಯನ್‌ನಿಂದ ಲೋಕಲ್ ಹಿಡಿದು ಹೋಗುತ್ತಿದ್ದೆವು. ಪ್ರತಿ ಸಲವೂ ಒಂದೊಂದು ಕಡಿಮೆಯಾಗಿರುತ್ತಿತ್ತು. ಮೊದಲು ಕೂರುವುದು, ಆಮೇಲೆ ಮಾತು, ಆಮೇಲೆ ಕತ್ತು. ತಮ್ಮನ ಹೆಂಡತಿ ಮೂಗಿನ ನಳಿಗೆಯಲ್ಲಿ ಗಂಜಿ ಹಾಕುವುದನ್ನು ಅವರಿಂದಲೇ ಕಲಿತಿದ್ದಳು. ಹಾಸಿಗೆಯ ತಲೆಯ ಹತ್ತಿರ ಮೊಳೆಗೆ ಆ ರಟ್ಟು ತೂಗುತ್ತಿತ್ತು. ಖೋಲಿಯಲ್ಲಿ ಫ್ಯಾನು ಇರಲಿಲ್ಲ, ಮೇಲೆ ತಗಡಿನ ಪತ್ರಾ ಇತ್ತು. ಆದರೂ ಅವಳು "ಈಗ ಫ್ಯಾನ್ ರೀ ಅಕ್ಕಾರ" ಅಂತ ಹೇಳಿಯೇ ಹೊರಳಿಸುತ್ತಿದ್ದಳು.

ನಾವು ಕೊನೆಯ ಸಲ ಹೋದ ಮಧ್ಯಾಹ್ನ ಅವಳು ನಮಗೆ ಚಹಾ ಮಾಡಿ ಲೋಟಗಳನ್ನಿಟ್ಟು ನಲ್ಲಿಗೆ ಹೋದಳು. ನಾನು ಲೋಟ ಎತ್ತಿಕೊಂಡಾಗ ಸಿಸ್ಟರ್ ಅವರ ಕಣ್ಣು ಅದರ ಹಿಂದೆ ಬಂತು. ನಾನು ಲೋಟ ಕೆಳಗಿಟ್ಟೆ. ಅವರ ಗಂಟಲ ಮೇಲೆ ಎರಡು ಬೆರಳಿಟ್ಟು, ಕಣ್ಣುಮುಚ್ಚಿ ಕಾದೆ. ಒಂದು ನಿಮಿಷ ಕಾದೆ. ಗಂಟು ಏರಲಿಲ್ಲ.

ಕಣ್ಣು ಬಿಟ್ಟಾಗ ಅಮ್ಮನ ಕೈಯಲ್ಲಿ ಚಹಾದ ಲೋಟವಿತ್ತು. ಅಮ್ಮ ಹಾಸಿಗೆಯ ಹತ್ತಿರ ಬರುತ್ತಿದ್ದರು.

ನಾನು ಗಟ್ಟಿಯಾಗಿ ಅವರ ಮಣಿಕಟ್ಟು ಹಿಡಿದೆ. ಚಹಾ ನನ್ನ ಕೈಮೇಲೆ ಚೆಲ್ಲಿತು. "ಅಮ್ಮಾ, ಬೇಡ."

"ಬಿಡೆ ಕೈ. ಚಮಚ ಎಲ್ಲಿದೆ ನನ್ನ ಹತ್ರ? ನೋಡು." ಅಮ್ಮನ ಇನ್ನೊಂದು ಕೈಯಲ್ಲಿ ಮಡಿಸಿದ ಗಾಜ್ ಬಟ್ಟೆಯ ಚೂರಿತ್ತು. "ಒಂದ್ಸಲ ಮಾಡಿದ ತಪ್ಪು ಇನ್ನೊಂದ್ಸಲ ಮಾಡ್ತೀನಾ ನಾನು?"

ನಾನು ಕೈ ಬಿಟ್ಟೆ. ಅಮ್ಮ ಹಾಸಿಗೆಯ ಅಂಚಿಗೆ ಕೂತು ಸಿಸ್ಟರ್ ಅವರ ಮುಖ ನೋಡಿಕೊಂಡೇ ಮಾತಾಡಿದರು.

"ಸಿಸ್ಟರಮ್ಮಾ, ಆವತ್ತು ನೀವು ಚಾರ್ಟು ತೋರಿಸಿ ಹೇಳಿದ್ದು ಸುಳ್ಳು. ನಂಗೆ ಅವತ್ತೇ ಗೊತ್ತು. ಬೆಳಿಗ್ಗೆ ಏಳಕ್ಕೆ ಬಂದು ಅವರಿಗೆ ಮೈ ಒರೆಸಿದ್ದು ನಾನೇ ಅಲ್ವಾ, ನೀವೇ ಕಲಿಸಿಕೊಟ್ಟ ಹಾಗೆ. ತಣ್ಣಗಿತ್ತು ಮೈ. ಇಪ್ಪತ್ತೆರಡು ವರ್ಷ ಪಕ್ಕದಲ್ಲಿದ್ದ ಮೈ. ಅದಕ್ಕೆ ಜ್ವರ ಇತ್ತೋ ಇಲ್ವೋ ಅಂತ ನಂಗೆ ಇಂಗ್ಲಿಷ್ ಓದಿ ಗೊತ್ತಾಗ್ಬೇಕಾ?"

ನಾನು ಅಮ್ಮನ ಕಡೆ ತಿರುಗಿದೆ. "ಮತ್ತೆ ಇಷ್ಟು ವರ್ಷ ಯಾಕಮ್ಮ ಹೇಳಲಿಲ್ಲ?"

"ನೀವಿಬ್ಬರೂ ಅಷ್ಟು ಕಷ್ಟಪಟ್ಟು ಮುಚ್ಚಿಡ್ತಿದ್ರಿ" ಅಂದರು ಅಮ್ಮ. "ಗೊತ್ತು ಅಂದುಬಿಟ್ರೆ ನಾನು ಕುಡಿಸಿದ ತಪ್ಪನ್ನೂ ಇವರು ತಮ್ಮ ತಲೆ ಮೇಲೇ ಎಳ್ಕೋತಿದ್ರು. ಕೊಟ್ಟಿದ್ದು ನಾನು ಕಣ್ರೀ ಸಿಸ್ಟರಮ್ಮಾ. ನೀವು ಕೊಟ್ಟಿದ್ದು ರುಚಿ. ಅವರು ಸದ್ದು ಮಾಡಿದ್ರಲ್ಲ ಆವತ್ತು, ಅದೊಂದು ಇಟ್ಕೊಂಡೇ ನಾನು ಇಷ್ಟು ದಿನ ಇದ್ದೀನಿ."

ಸಿಸ್ಟರ್ ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಬದಲಾಗಲು ಮುಖದ ಒಂದು ನರವೂ ಉಳಿದಿರಲಿಲ್ಲ. ಕಣ್ಣು ಮಾತ್ರ ಅಮ್ಮನ ಮೇಲಿತ್ತು.

ಅಮ್ಮ ಬಟ್ಟೆಯನ್ನು ಚಹಾದಲ್ಲಿ ಅದ್ದಿದರು. ಹಿಂಡಿದರು. ಮತ್ತೆ ಹಿಂಡಿದರು. ಮೂರನೇ ಸಲ ಹಿಂಡಿ, ಒಂದು ಹನಿಯೂ ಬೀಳುವುದಿಲ್ಲ ಅಂತ ಸಿಸ್ಟರ್‌ಗೆ ಕಾಣುವ ಹಾಗೆ ಎತ್ತಿ ಹಿಡಿದರು. ಅವರು ಒಂದು ಸಲ ಕಣ್ಣೆವೆ ಮುಚ್ಚಿ ತೆರೆದರು. ಅದು ಹೂಂ. ಅಮ್ಮ ಅವರ ಕೆನ್ನೆಯ ಒಳಗೆ, ನಾಲಗೆಯ ತುದಿಗೆ ಮೆಲ್ಲಗೆ ಸವರಿದರು. "ಗದಗಿನ ಚಹಾ ಕಣ್ರೀ. ನಿಮ್ಮ ನಾಲಗೆ ಬದಲಾಗಲ್ವಲ್ಲ."

ಸದ್ದೇನೂ ಬರಲಿಲ್ಲ. ಬಹಳ ಹೊತ್ತು ಅವರು ಕಣ್ಣು ಮುಚ್ಚಿಕೊಂಡೇ ಇದ್ದರು. ಹೊರಗೆ ಯಾವುದೋ ಕಾರ್ಖಾನೆಯ ಭೋಂಗಾ ಕೂಗಿತು. ಆಗ ಕಣ್ಣು ತೆರೆದರು. ಅಮ್ಮನನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ತಲೆಯ ಹತ್ತಿರ ತೂಗುತ್ತಿದ್ದ ರಟ್ಟಿನ ಕಡೆ ಕಣ್ಣು ಹೊರಳಿಸಿದರು. ಅಲ್ಲಿಂದ ಕಿಟಕಿಯ ಕಡೆ. ಮತ್ತೆ ರಟ್ಟಿನ ಕಡೆ, ಮತ್ತೆ ಕಿಟಕಿಯ ಕಡೆ.

ಎರಡು ತಾಸು ಆಗಿತ್ತು.

"ಸಿಸ್ಟರ್, ಈಗ ಹೊರಳಸ್ತೇನಿ" ಅಂದೆ, ಅವರದೇ ಮಾತಿನಲ್ಲಿ. ಹೆಗಲಿಗೊಂದು ಕೈ, ಸೊಂಟಕ್ಕೊಂದು ಕೈ. ಅಮ್ಮ ಚಿಮಟ ಸರಿಸಿದರು.